ಓತಿಕ್ಯಾತನ ತತ್ತಿ ಕಾದ ಅತ್ತೆ

ನನ್ನ ಸೋದರತ್ತೆಯ ಹಿಮ್ಮಡಿಗಳು ಬೇಸಿಗೆಯ ಕೆರೆಯಂಗಳದಂತೆ ಒಡೆದಿದ್ದವು. ಆದರೂ ಅವಳು ನಡೆದರೆ ಸದ್ದಾಗುತ್ತಿರಲಿಲ್ಲ. ಇರುವೆಯೂ ಸಾಯಬಾರದೆಂದು ನೆಲ ನೋಡಿಯೇ ಪಾದ ಊರುತ್ತಿದ್ದಳು. ನಾವು ಜೈನರು. ಮನೆಯಲ್ಲಿ ಎಲ್ಲರೂ ವ್ರತ ಪಾಲಿಸುತ್ತಿದ್ದೆವು, ಅತ್ತೆಯಷ್ಟು ಕಟ್ಟುನಿಟ್ಟಾಗಿ ಯಾರೂ ಅಲ್ಲ. ಆಡುವ ವಯಸ್ಸಿನಲ್ಲೇ ಮದುವೆಯಾಗಿ, ಅದೇ ವಯಸ್ಸಿನಲ್ಲೇ ವಿಧವೆಯಾಗಿ, ಖಾನಾಪುರದ ತವರಿಗೆ ಮರಳಿದವಳು ಅವಳು.

ಹಿತ್ತಲಾಚೆಯ ಬರಡು ಜಾಗದಲ್ಲಿ ಬೆರಳುದ್ದದ ಓತಿಕ್ಯಾತಗಳಿದ್ದವು. ಬೇಸಿಗೆ ಬಂತೆಂದರೆ ಗಂಡು ಕಲ್ಲು ಹತ್ತಿ, ಗಂಟಲ ಕೆಳಗಿನ ಚರ್ಮವನ್ನು ಬೀಸಣಿಗೆಯಂತೆ ಬಿಚ್ಚಿ ಮಡಚುತ್ತಿತ್ತು. ನಡುವೆ ನವಿಲುನೀಲಿ, ಅಂಚಿಗೆ ಕೆಂಪು. ಬೆದರಿದರೆ ಹಿಂಗಾಲಿನ ಮೇಲೆ ಎದ್ದು ಓಡುವುದು. ಅಕ್ಕಿ ಆರಿಸುತ್ತಿದ್ದ ಅತ್ತೆ ನನ್ನ ಕೈ ಹಿಡಿದು, “ಅಲುಗಾಡಬ್ಯಾಡ. ನೋಡಲ್ಲೆ, ಹೆಣ್ಣು ಮಣ್ಣು ಕೆದರಾಕ ಹತ್ತೇತಿ,” ಎನ್ನುವಳು. ಹೆಣ್ಣು ಕುಳಿಯಲ್ಲಿ ತತ್ತಿಯಿಟ್ಟು, ಮಣ್ಣು ಮುಚ್ಚಿ, ಮೂತಿಯಿಂದ ಒತ್ತಿ ಹೋಗುತ್ತಿತ್ತು. ಯಾರೂ ತುಳಿಯದಿರಲೆಂದು ಅತ್ತೆ ಸುತ್ತ ಹರಳುಗಲ್ಲು ಇಟ್ಟು ಬರುತ್ತಿದ್ದಳು.

೧೯೨೦ರ ದಶಕದ ಒಂದು ಬೇಸಿಗೆ. ನನಗೆ ಹನ್ನೆರಡು. ಬೆಳಗಾವಿಯ ಮನೆತನವೊಂದಕ್ಕೆ ನನ್ನನ್ನು ಕೊಡುವುದಾಗಿ ಅಪ್ಪ ಮಾತುಕೊಟ್ಟ. ಬೀಗರು ಇಳಿದುಕೊಳ್ಳಲು ಆ ಬರಡು ಜಾಗದಲ್ಲೇ ಎರಡು ಖೋಲಿ ಕಟ್ಟಿಸಿ, ಆಮೇಲೆ ಲಗ್ನವೆಂದಾಯಿತು. ಸಾಲೆ ಬಿಡಬೇಕಲ್ಲ ಎಂದು ನಾನು ಅತ್ತೆಯ ಸೆರಗಿನಲ್ಲಿ ಮುಖವಿಟ್ಟು ಅಳುತ್ತಿದ್ದೆ. ಅವಳು ನನ್ನ ತಲೆ ಸವರುತ್ತ ಹಿತ್ತಲ ಕಡೆ ನೋಡುತ್ತಿದ್ದಳು.

ಪಾಯ ತೋಡುವವರು ಬಂದ ಬೆಳಿಗ್ಗೆ ಅವಳು ಅಲ್ಲಿ ಕೂತಿದ್ದಳು. ಎಲ್ಲಿ ನೋಡಿದರಲ್ಲಿ ಹರಳಿನ ಸುತ್ತು. ಗುದ್ದಲಿ ಊರಲು ಜಾಗವಿಲ್ಲ.

“ತತ್ತಿ ಅದಾವ. ಇಲ್ಲಿ ತೋಡಬ್ಯಾಡ್ರಿ.”

“ಅಕ್ಕಾ, ಓತಿಕ್ಯಾತನ ಸಲುವಾಗಿ ಮಗಳ ಲಗ್ನಾ ಮುಂದ ಹಾಕೂಣೇನು?” ಅಪ್ಪ ಸಿಡುಕಿದ.

“ಜೀವದ ಮ್ಯಾಲ ಪಾಯಾ ಹಾಕಿ ಎಂಥಾ ಶುಭಕಾರ್ಯಾ ಮಾಡ್ತಿ, ತಮ್ಮಾ?”

ಅಪ್ಪ ಆಳುಗಳನ್ನು ವಾಪಸು ಕಳಿಸಿದ. ಮರಿ ಹೊರಬೀಳುವಷ್ಟರಲ್ಲಿ ಮಳೆ ಹಿಡಿಯಿತು. ಖಾನಾಪುರದ ಮಳೆ ಹಿಡಿದರೆ ಗೋಡೆ ಏಳುವುದಿಲ್ಲ. ಕಾದು ಬೇಸತ್ತ ಬೀಗರು ಬೇರೆ ಹೆಣ್ಣು ತಂದುಕೊಂಡರು. ನಾನು ಸಾಲೆಗೆ ಹೋದೆ, ಏಳನೇ ತರಗತಿಯ ಮುಲ್ಕಿ ಪರೀಕ್ಷೆ ಪಾಸಾದೆ, ಮುಂದೆ ಬೆಳಗಾವಿಯ ಹೆಣ್ಣುಮಕ್ಕಳ ಸಾಲೆಯಲ್ಲಿ ಶಿಕ್ಷಕಿಯಾದೆ.

ಎಷ್ಟೋ ವರ್ಷಗಳ ಮೇಲೆ ಅತ್ತೆ ಹಾಸಿಗೆ ಹಿಡಿದಾಗ, ಕಾಲೊತ್ತುತ್ತ ಕೇಳಿದೆ: “ಅತ್ತಿ, ಖರೇ ಹೇಳು. ಅಷ್ಟೂ ಕಡೆ ತತ್ತಿ ಇದ್ದುವೇನು?”

ಅವಳು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. “ಒಂದ ಕಡೆ ಇದ್ದುವು. ಉಳದ ಕಡೆ ಬರೇ ಹರಳು ಇಟ್ಟಿದ್ದೆ. ಸುಳ್ಳಾಡಿದ್ದಕ್ಕ ಉಪಾಸಾ ಮಾಡೇನಿ, ನೀ ಚಿಂತಿ ಮಾಡಬ್ಯಾಡ.”

ಆ ಚಳಿಗಾಲ ದಾಟುವ ಮೊದಲೇ ಅವಳು ತೀರಿಕೊಂಡಳು. ಅವಳು ಆಡಿದ ಇನ್ನೊಂದು ಸುಳ್ಳು ನನಗೆ ಗೊತ್ತಿಲ್ಲ. ಆ ಒಂದರ ಮೇಲೆ ನನ್ನ ಇಡೀ ಬದುಕು ನಿಂತಿದೆ.