ಇಪ್ಪತ್ತಮೂರನೆಯ ನಂಬರಿನ ಬಟ್ಟೆ

ಅರವತ್ತು ನಂಬರುಗಳಲ್ಲಿ ಇಪ್ಪತ್ತೆರಡರವರೆಗೆ ಹುಲುಗಮ್ಮ ಪಿನ್ನು ಹಾಕಿ ಮುಗಿಸಿದ್ದಾರೆ. ಬಿಸಿಲಿನ್ನೂ ಮೈದಾನದ ಬೇವಿನ ಮರಕ್ಕೆ ತಾಗಿಲ್ಲ. ತಾಲ್ಲೂಕು ಕ್ರೀಡಾಕೂಟಕ್ಕೆ ಬಂದ ಹುಡುಗಿಯರು ಸಾಲಾಗಿ ನಿಂತಿದ್ದಾರೆ. ಒಬ್ಬೊಬ್ಬಳನ್ನೂ ಬೆನ್ನು ತಿರುಗಿಸಿ ನಿಲ್ಲಿಸಿ, ನಂಬರಿನ ಬಟ್ಟೆ ಇಟ್ಟು, ನಾಲ್ಕು ಮೂಲೆಗೂ ಪಿನ್ನು ಚುಚ್ಚುತ್ತಾರೆ. ಆಗ ಅವರ ಎಡಗೈ ಹುಡುಗಿಯ ಕುತ್ತಿಗೆಯ ಮೇಲೆ ಒಂದು ಗಳಿಗೆ ತಡೆಯುತ್ತದೆ. ಪಿನ್ನು ಮೈಗೆ ತಾಗದಿರಲೆಂದು ಅಂಗಿ ಹಿಡಿದಿದ್ದಾರೆ ಎಂದೇ ನೋಡಿದವರು ಅಂದುಕೊಳ್ಳುತ್ತಾರೆ.

ಹರಪನಹಳ್ಳಿಯ ಹೈಸ್ಕೂಲೊಂದರಲ್ಲಿ ಅವರು ದಿನಗೂಲಿಗೆ ಸೇರಿ ಒಂಬತ್ತು ವರ್ಷ. ಮೈದಾನ ಗುಡಿಸುವುದು, ಸುಣ್ಣದ ಗೆರೆ ಎಳೆಯುವುದು, ಹಂಡೆಗೆ ನೀರು ತುಂಬುವುದು ಅವರ ಕೆಲಸ. ಎರಡು ಕೊಡ ತಂದರೆ ಒಂದಿಷ್ಟು ಹೊತ್ತು ಕೂತು ಉಸಿರು ತಿರುಗಿಸಿಕೊಳ್ಳಬೇಕು. ನಂಬರುಗಳನ್ನು ಹೊಲಿದವರೂ ಅವರೇ. ಹಿಟ್ಟಿನ ಚೀಲ ಬಿಚ್ಚಿ, ಕತ್ತರಿಸಿ, ಅಂಚು ಮಡಚಿ ಹೊಲಿದದ್ದು. ಒಂದು ನಂಬರಿಗೆ ಒಂದೇ ಬಟ್ಟೆ. ನಂಬರಿಲ್ಲದೆ ಬಂದವರನ್ನು ಪರಸ್ಥಳದ ಅಂಪೈರುಗಳು ಗೆರೆಯ ಹತ್ತಿರಕ್ಕೂ ಬಿಡುವುದಿಲ್ಲ.

ಡ್ರಿಲ್ ಮೇಷ್ಟ್ರು ಶಿವಯೋಗಪ್ಪನವರ ಕೋಣೆಯಲ್ಲಿ ಕಟ್ಟು ಹಾಕಿಸಿದ ಪತ್ರಿಕೆಯ ತುಂಡೊಂದು ತೂಗುತ್ತದೆ. ಎಪ್ಪತ್ತೊಂದನೇ ಇಸವಿಯದು. ‘ಜ್ವರಕ್ಕೆ ಬಗ್ಗದ ಹಳ್ಳಿಯ ಹುಡುಗಿ’ ಎಂಬ ತಲೆಬರಹ, ಕೆಳಗೆ ಕಪ್ ಹಿಡಿದ ಹದಿನಾರರ ಹುಲುಗಮ್ಮ. ಮೈ ಸುಡುತ್ತಿದ್ದರೂ ಎಂಟುನೂರು ಮೀಟರ್ ಓಡಿ ಗೆದ್ದ ಕಥೆ. ಪ್ರತಿ ವರ್ಷ ಮೇಷ್ಟ್ರು ಅದನ್ನು ಹುಡುಗಿಯರಿಗೆ ಗಟ್ಟಿಯಾಗಿ ಓದಿ ಹೇಳುತ್ತಾರೆ.

ಹುಲುಗಮ್ಮನಿಗೆ ಆ ಓಟವೇ ನೆನಪಿಲ್ಲ. “ಸೀಟಿ ಊದಿದ್ದು ಗೊತ್ತೈತ್ರಿ. ಆಮ್ಯಾಲ ಕಣ್ಣು ಬಿಟ್ಟಾಗ ಚಕ್ಕಡ್ಯಾಗಿದ್ದೆ. ಗೆದ್ದೀ ಅಂದ್ರು, ಗೆದ್ದೀನಿ ಅಂದ್ಕಂಡೆ” ಎನ್ನುತ್ತಾರೆ. ಕಪ್ಪನ್ನು ಯಾರು ಯಾವಾಗ ಕೈಗೆ ಕೊಟ್ಟರೋ ಅದೂ ತಿಳಿಯದು. “ಊರಿನ ಮಾನಕ್ಕ ಓಡಿದೆ ಅಂತ ನಾ ಹೇಳೀನಂತ ಬರದಾರ. ನಾ ಯಾರಿಗೂ ಏನೂ ಹೇಳಿಲ್ಲ. ಜ್ವರ ಬಂದೈತಿ ಅನ್ನಾಕ ನಾಚಿಕಿ ಆತು, ಅದಕ್ಕ ಓಡಿದೆ.”

ಅದು ಟೈಫಾಯಿಡ್ ಆಗಿತ್ತು. ಒಂದೂವರೆ ತಿಂಗಳು ಹಾಸಿಗೆ ಹಿಡಿದರು, ಕೂದಲು ಉದುರಿತು, ಎದೆ ಸೋತಿತು. ಮತ್ತೆ ಓಡಲಿಲ್ಲ. ಅದನ್ನು ಬರೆಯಲು ಯಾರೂ ಬರಲಿಲ್ಲ. ಹಾಗೆಂದು ಆ ತುಂಡು ಕಾಗದದ ಮೇಲೆ ಅವರಿಗೆ ಸಿಟ್ಟಿದೆಯೇ? ಹೇಳಲಾರರು. ಅದನ್ನು ನೋಡಿಯೇ ಶಾಲೆಯವರು ಕೆಲಸ ಕೊಟ್ಟದ್ದು. ಪ್ರತಿ ಸೋಮವಾರ ಅದರ ಗಾಜನ್ನು ಸೆರಗಿನಿಂದ ಒರೆಸುವವರೂ ಅವರೇ. ಒರೆಸುವಾಗ ಆ ಹುಡುಗಿ ಚೆಂದವಾಗಿಯೇ ಕಾಣುತ್ತಾಳೆ. “ಅದು ಧೈರ್ಯಾನೋ ಹೆದರಿಕೀನೋ ನನಗ ಇವತ್ತಿಗೂ ತಿಳಿವಲ್ದು.”

ಇಪ್ಪತ್ತಮೂರನೆಯವಳು ನೀಲಗುಂದದ ಮಾಳಮ್ಮ, ಇದೇ ಶಾಲೆಯ ಒಂಬತ್ತನೇ ಕ್ಲಾಸು. ಎಂಟುನೂರು ಮೀಟರಿಗೆ ಹೆಸರು ಕೊಟ್ಟಿದ್ದಾಳೆ. ಕುತ್ತಿಗೆಗೆ ತಾಗಿದ ಹುಲುಗಮ್ಮನ ಕೈ ಅಲ್ಲೇ ನಿಂತುಬಿಡುತ್ತದೆ. ಕಾದ ಹಂಚಿನಂಥ ಮೈ. ಅವಳ ಏದುಸಿರು ಕೇಳಿ ಹಿಂದಿದ್ದ ಹುಡುಗಿ, ಮಾಳಿ ಕುರಿ ಹಿಂದೆ ಓಡಿಯೇ ಬಂದಿದ್ದಾಳೆ ನೋಡು ಎಂದು ಗೇಲಿ ಮಾಡುತ್ತಾಳೆ. ಮಾಳಮ್ಮ ನಗುವುದಿಲ್ಲ. ತಿರುಗಿ ಮೆಲ್ಲಗೆ, “ಯಾರಿಗೂ ಹೇಳಬ್ಯಾಡಕ್ಕಾ. ಆವಾಗ ನೀನೂ ಹೇಳಿದ್ದಿಲ್ಲಲ್ಲ” ಎನ್ನುತ್ತಾಳೆ.

ಹುಲುಗಮ್ಮ ಮೇಷ್ಟ್ರಿಗೆ ಹೇಳಿಯೇಬಿಡುತ್ತಾರೆ. ಶಿವಯೋಗಪ್ಪನವರು ಕೆಟ್ಟವರಲ್ಲ, ಹುಡುಗಿಯ ಹಣೆ ಮುಟ್ಟಿ ನೋಡುತ್ತಾರೆ, ಬೆಳಿಗ್ಗೆ ಗುಳಿಗೆ ಕೊಟ್ಟಿದ್ದೇನೆ, ಇಳಿಯುತ್ತದೆ ಎನ್ನುತ್ತಾರೆ. ಪತ್ರಿಕೆಯವರೂ ಬರುವವರಿದ್ದಾರಂತೆ. ಆಮೇಲೆ ನಗುತ್ತ, “ಎಲ್ರೂ ಬಿಟ್ಟು ನೀನ ಹಿಂಗಂದ್ರ ಹೆಂಗ ಹುಲುಗಮ್ಮ? ನಿನ್ನ ಕಥಿ ಓದಿ ಓದೇ ಇವ್ರನ್ನ ತಯಾರು ಮಾಡೀನಿ” ಎಂದು ಸೀಟಿ ಹುಡುಕುತ್ತ ಅತ್ತ ಹೋಗುತ್ತಾರೆ.

ಹುಲುಗಮ್ಮ ಸಾಲಿಗೆ ಮರಳಿ ಇಪ್ಪತ್ತಮೂರನೆಯ ಬಟ್ಟೆ ಕೈಗೆತ್ತಿಕೊಳ್ಳುತ್ತಾರೆ. ಮಾಳಮ್ಮನಿಗೆ ಏನೂ ಆಗದೆಯೂ ಇರಬಹುದು, ಗೆದ್ದೂ ಗೆಲ್ಲಬಹುದು. ತಡೆದರೆ ಈ ಹುಡುಗಿ ತಮ್ಮ ಮುಖ ನೋಡಲಿಕ್ಕಿಲ್ಲ. ಅಂದು ನನ್ನನ್ನು ಯಾರಾದರೂ ತಡೆದಿದ್ದರೆ ಅವರನ್ನು ಶಪಿಸುತ್ತಿದ್ದೆನೇ? ಶಪಿಸುತ್ತಿದ್ದೆ, ಎನ್ನಿಸುತ್ತದೆ. ಆದರೆ ಆ ಸಿಟ್ಟು ಎಷ್ಟು ದಿನದ್ದು? ಈ ಸೋತ ಉಸಿರು ಎಷ್ಟು ವರ್ಷದ್ದು?

ಹುಡುಗಿಗೆ ಒಂದು ಲೋಟ ನೀರು ಕೊಟ್ಟು, ಬೇವಿನ ನೆರಳಿನಲ್ಲಿ ಕೂತಿರು, ಕರೆಯುತ್ತೇನೆ ಎಂದು ಕಳಿಸುತ್ತಾರೆ. ಇಪ್ಪತ್ತಮೂರನೆಯ ಬಟ್ಟೆಯನ್ನು ನಾಲ್ಕು ಮಡಿಕೆ ಮಡಚಿ, ಸೀರೆಯ ನೆರಿಗೆಯ ಒಳಗೆ ಸಿಕ್ಕಿಸಿಕೊಳ್ಳುತ್ತಾರೆ. ಒಂಬತ್ತು ವರ್ಷದಲ್ಲಿ ಅವರ ಎಣಿಕೆಯಿಂದ ಒಂದು ನಂಬರೂ ಕಳೆದದ್ದಿಲ್ಲ.

“ಇಪ್ಪತ್ನಾಕು” ಎಂದು ಕೂಗುತ್ತಾರೆ. “ಬಾರವ್ವ, ಬೆನ್ನು ತಿರುಗಿಸು.”