ಸುಮನಕ್ಕ ಕಲಿಸಿದ ಮೆರ್ಲೋ ರುಚಿ

ಸುಮನಕ್ಕ ಬಾಯಿಗೆ ಹಾಕಿಕೊಂಡ ವೈನನ್ನು ಎಂದೂ ನುಂಗಿದವಳಲ್ಲ. ಒಂದು ಗುಟುಕು ತೆಗೆದುಕೊಂಡು, ಕಣ್ಣು ಮುಚ್ಚಿ, ಕೆನ್ನೆಯಿಂದ ಕೆನ್ನೆಗೆ ಹೊರಳಿಸಿ, ಪಕ್ಕದ ತಂಬಿಗೆಯಲ್ಲಿ ಉಗುಳಿಬಿಡುತ್ತಿದ್ದಳು.

ಆಳಂದ ತಾಲ್ಲೂಕಿನ ಮಟಕಿಯಲ್ಲಿ ಅವಳ ಮನೆ ನಮ್ಮ ಮನೆಗೆ ಗೋಡೆ ಹಚ್ಚಿ ಇತ್ತು. ಗಂಡ ತೀರಿದ ಮೇಲೆ ನಾಸಿಕದ ಕಡೆಯ ಒಂದು ವೈನ್ ಕಾರ್ಖಾನೆಯಲ್ಲಿ ಪೀಪಾಯಿ ತೊಳೆಯುವ ಕೆಲಸಕ್ಕೆ ಸೇರಿದ್ದಳು. ಒಂದು ದಿನ ಪೀಪಾಯಿಯೊಂದನ್ನು ಮೂಸಿ, ಇದರಲ್ಲಿ ತೊಯ್ದ ಗೋಣಿಚೀಲದ ವಾಸನೆ ಇದೆ, ತುಂಬಬೇಡಿ ಎಂದಳಂತೆ. ಯಾರೂ ಕೇಳಲಿಲ್ಲ. ಮುಂದೆ ಅದರ ವೈನನ್ನೆಲ್ಲ ಚರಂಡಿಗೆ ಚೆಲ್ಲಬೇಕಾಯಿತು. ಅಂದಿನಿಂದ ರುಚಿ ನೋಡುವವರ ಸಾಲಿನಲ್ಲಿ ಅವಳಿಗೂ ಒಂದು ಕುರ್ಚಿ ಸಿಕ್ಕಿತು.

ಅವಳದು ಬೌದ್ಧ ಮನೆತನ. ಪಂಚಶೀಲದಲ್ಲಿ ಒಂದಾದ, ಮದ್ಯ ಸೇವಿಸುವುದಿಲ್ಲವೆಂಬ ಶೀಲವನ್ನು ಚಿಕ್ಕಂದಿನಲ್ಲೇ ತೆಗೆದುಕೊಂಡವಳು. "ನಾಲಗಿ ಕಂಪನೀದು, ಗಂಟಲ ನಂದು" ಎಂದು ನಗುತ್ತಿದ್ದಳು.

ಒಮ್ಮೆ ರಜೆಗೆ ಬಂದಾಗ, ಓಕ್ ಮರದ ಪೀಪಾಯಿಯಲ್ಲಿ ವರ್ಷಕ್ಕೂ ಹೆಚ್ಚು ಇಟ್ಟಿದ್ದ ಮೆರ್ಲೋ ಎಂಬ ಕೆಂಪು ವೈನಿನ ಬಾಟಲಿ ತಂದಿದ್ದಳು. ಆಗಷ್ಟೇ ನಾನು ಊರಿನ ಶಾಲೆಗೆ ಮಾಸ್ತರನಾಗಿದ್ದೆ. ನನ್ನನ್ನು ಕೂರಿಸಿ, ಎರಡು ಗಾಜಿನ ಲೋಟಗಳಿಗೆ ಸ್ವಲ್ಪ ಸುರಿದು, ಹಿಂದೆ ಬಿಳಿ ಟವೆಲ್ ಹಿಡಿದು ಅದರ ಕೆಂಪು ತೋರಿಸಿದಳು.

"ಅವಸರ ಮಾಡಬ್ಯಾಡ ತಮ್ಮಾ. ಮೊದಲ ಮೂಗಿಗಿ ಕೊಡು," ಎಂದಳು.

ಮೂಸಿದೆ. ಹುಳಿ ಬಿಟ್ಟರೆ ಏನೂ ತಿಳಿಯಲಿಲ್ಲ. ಲೋಟವನ್ನು ಮೆಲ್ಲಗೆ ತಿರುಗಿಸಿ ಮತ್ತೆ ಕೊಟ್ಟಳು. ಈಗ ಕಳಿತ ನೇರಳೆ ಹಣ್ಣು, ಅದರ ಹಿಂದೆ ಲವಂಗ, ಇನ್ನೂ ಹಿಂದೆ ಬಡಿಗನ ಅಂಗಳದ ಹೊಸ ಕಟ್ಟಿಗೆ. ಅವಳು ಹೇಳಿದಂತೆ ಒಂದೊಂದೇ ಬಂದವು. ಆಮೇಲೆ ಇಬ್ಬರೂ ಒಂದು ಗುಟುಕು ಬಾಯಿಗೆ ಹಾಕಿಕೊಂಡೆವು. ಹಲ್ಲಿಗೆ ಹತ್ತಿದ ಒಗರು ದ್ರಾಕ್ಷಿ ಸಿಪ್ಪೆಯದು, ಪೀಪಾಯಿಯ ಕಟ್ಟಿಗೆಯದು, ದಿನ ಕಳೆದಂತೆ ಮೆತ್ತಗಾಗುತ್ತದೆ ಎಂದು ವಿವರಿಸಿದಳು. ಅವಳು ಉಗುಳಿದಳು. ನಾನು ನುಂಗಿದೆ. ಇನ್ನೊಂದು ಲೋಟ ಕೇಳಿ ಅದನ್ನೂ ಕುಡಿದೆ.

ಮರುವರ್ಷ ಅವಳ ಅಣ್ಣ ಭೀಮರಾವನ ಮಗಳ ಮದುವೆ. ತಾಯಿಯಿಲ್ಲದ ಆ ಹುಡುಗಿಯನ್ನು ಎತ್ತಿ ಆಡಿಸಿದವಳು ಸುಮನಕ್ಕನೇ. ಬುದ್ಧವಿಹಾರದಲ್ಲಿ ವಧುವಿನ ಪಕ್ಕ ಕೂತು ಪಂಚಶೀಲ ಹೇಳಬೇಕಾದವಳೂ ಅವಳೇ. ಯಾರೋ ಭೀಮರಾವನ ಕಿವಿಯಲ್ಲಿ ಏನೋ ಊದಿದರು. ಅವನು ಎಲ್ಲರೆದುರಿಗೆ, "ದಿನಾ ದಾರೂ ಕುಡಿಯೋ ಬಾಯಿಲೆ ಶೀಲ ಹೇಳೂದು ಬ್ಯಾಡ. ನೀ ಹಿಂದ ಕುಂದ್ರು," ಎಂದ.

"ನಾ ಒಂದ್ ಹನೀನೂ ನುಂಗಿಲ್ಲಣ್ಣಾ," ಎಂದ ಅವಳು ನನ್ನ ಕಡೆ ನೋಡಿದಳು. "ಮಾಸ್ತರಗ ಕೇಳು. ಅವಂಗ ಗೊತ್ತದ."

ಹೌದೆಂದರೆ, ನಿನಗೆ ಹೇಗೆ ಗೊತ್ತು ಎಂದು ಕೇಳುತ್ತಾರೆ. ಮಕ್ಕಳಿಗೆ ಪಾಠ ಹೇಳುವವನು ವೈನ್ ಕುಡಿದ ಎಂಬ ಮಾತು ಹೊರಬೀಳುತ್ತದೆ. ನನಗೇನೂ ಗೊತ್ತಿಲ್ಲ ಎಂದುಬಿಟ್ಟೆ.

ಅವಳು ಹಿಂದೆ ಹೋಗಿ ಕೂರಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಆಳಂದದ ಬಸ್ಸು ಹಿಡಿದಳು. ಮತ್ತೆ ಊರಿಗೆ ಬರಲಿಲ್ಲ. ಎರಡು ಸಲ ಫೋನ್ ಮಾಡಿದೆ. ಮಳೆ ಆಯಿತೇ, ತೊಗರಿ ಹೇಗಿದೆ ಎಂದು ಕೇಳಿದಳು. ಆ ದಿನದ ಮಾತು ಎತ್ತಲು ನನಗೆ ಧೈರ್ಯವಾಗಲಿಲ್ಲ.

ಹೋದ ವರ್ಷ ಅವಳು ಅಲ್ಲಿಯೇ ತೀರಿಕೊಂಡಳು. ಸುದ್ದಿ ಬಂದ ದಿನ ಭೀಮರಾವನ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ, ನಾನು ಕುಡಿದದ್ದನ್ನೂ.

"ನೀವು ಕುಡದದ್ದಕ್ಕ ಯಾರೂ ಏನೂ ಅಂತಿದ್ದಿಲ್ರಿ ಮಾಸ್ತರ," ಎಂದ ಭೀಮರಾವ. "ಊರಾಗ ಗಂಡಸರು ಕುಡೀತಾರ, ಮಂದಿ ಮರೀತಾರ. ಆಕಿ ಒಬ್ಬಾಕಿಗೇ ಅಂದೀವಿ ನಾವು."