ಇಬ್ಬರಿಗೂ ಓದಿದ ಸಕ್ಕರೆ

ಬೈಲಹೊಂಗಲದಲ್ಲಿ ಈಗ ನಮಗೆ ಸ್ವಂತ ಅಂಗಡಿ ಇದೆ. ಕಿತ್ತೂರು, ಸಂಪಗಾಂವ ಕಡೆಯ ರೈತರು ಸುಟ್ಟ ಪಂಪಿನ ಮೋಟಾರುಗಳನ್ನು ಗಾಡಿಗಳಲ್ಲಿ ಹೇರಿಕೊಂಡು ಬರುತ್ತಾರೆ. ನನ್ನ ಗಂಡ ಅವುಗಳನ್ನು ಬಿಚ್ಚಿ, ಕರಕಲಾದ ತಂತಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತಿ ಕೊಡುತ್ತಾರೆ. ನಾವು ಯಾರು, ಎಲ್ಲಿಯವರು ಎಂದು ಇಲ್ಲಿ ಯಾರೂ ಕೇಳುವುದಿಲ್ಲ. ಅದೂ ಒಂದು ಸುಖವೇ. ಆದರೂ ಸುತ್ತಿದ ತಂತಿಗೆ ಹಚ್ಚುವ ವಾರ್ನಿಷಿನ ವಾಸನೆ ಮೂಗಿಗೆ ಬಡಿದಾಗಲೆಲ್ಲ ನನ್ನ ಮನಸ್ಸು ಯರಗಟ್ಟಿ ದಾಟಿ ರಾಮದುರ್ಗದ ಕಡೆ ಓಡುತ್ತದೆ. ಸುರೇಬಾನದ ಹತ್ತಿರದ ಆ ಸಣ್ಣ ಊರಿನಲ್ಲಿ ನಮ್ಮನ್ನು ಮಾತಾಡಿಸದೆ ಯಾರೂ ಮುಂದೆ ಹೋದದ್ದಿಲ್ಲ.

ನಾವು ಹೊನ್ನಾವರದ ಕಡೆಯ ಮುಸಲ್ಮಾನರು. ಮಲಪ್ರಭೆಯ ದಂಡೆಯ ಊರುಗಳಲ್ಲಿ ಕಬ್ಬಿಗೆ ನೀರೆತ್ತುವ ಮೋಟಾರುಗಳು ದಿನಾ ಸುಡುತ್ತವೆ, ಸುತ್ತಿಕೊಡುವವರು ಮಾತ್ರ ಇಲ್ಲ ಎಂದು ಯಾರೋ ಹೇಳಿದ್ದೇ ಗಂಡನಿಗೆ ಸಾಕಾಯಿತು. ಮದುವೆಯಾಗಿ ಎರಡು ವರ್ಷವೂ ತುಂಬಿರಲಿಲ್ಲ. “ಈ ಕಾಲದಲ್ಲಿ ಗುರುತಿಲ್ಲದ ಊರಿಗೆ ಹೋಗ್ತೀರಾ? ಟಿವಿ ನೋಡೋದಿಲ್ವಾ?” ಎಂದು ನನ್ನ ಅಣ್ಣ ಹೆದರಿಸಿದ. ನನಗೆ ಟಿವಿಯ ಹೆದರಿಕೆ ಅಷ್ಟಿರಲಿಲ್ಲ. ಮೀನಿಲ್ಲದೆ ಊಟ ಮಾಡುವುದು ಹೇಗೆ ಎಂಬ ಚಿಂತೆಯೇ ದೊಡ್ಡದಾಗಿತ್ತು.

ಆ ಊರಿನಲ್ಲಿ ನಮಗೆ ಸಿಕ್ಕಿದ್ದು ರಸ್ತೆ ಬದಿಯ ಒಂದು ಅಂಗಡಿ, ಅದರ ಹಿಂದೆ ಎರಡು ಕೋಣೆ. ಮನೆಯ ಒಡತಿ ಹಿತ್ತಲಿನ ಆಚೆಯ ದೊಡ್ಡ ಮನೆಯಲ್ಲಿದ್ದರು. ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗ, ದನಿ ಮಾತ್ರ ನಾಲ್ಕು ಹೊಲದಾಚೆಗೂ ಕೇಳುವಂಥದ್ದು. ಊರೆಲ್ಲ ಅವರನ್ನು ಆಯಿ ಎನ್ನುತ್ತಿತ್ತು. ಅವರ ಗಂಡ ಮಾತು ಕಡಿಮೆಯ ಮುದುಕರು. ಕಬ್ಬು, ಎತ್ತು, ಮೋಟಾರು, ಈ ಮೂರರ ಹೊರಗೆ ಅವರಿಗೆ ಲೋಕವಿರಲಿಲ್ಲ. ಆಯಿ ಹಾಕಿದ ಕರಾರು ಒಂದೇ ಒಂದು.

“ಮನ್ಯಾಗ ಮಾಂಸ, ಮೀನಾ ಬೇಯಸಬ್ಯಾಡ್ರಿ. ಹೊರಗ ಏನರ ತಿನ್ರಿ, ನಾ ಕೇಳಂಗಿಲ್ಲ.”

ನಾನು ತಲೆಯಾಡಿಸಿದೆ. ಒಂದೇ ವಾರದಲ್ಲಿ ಆಯಿ ನನ್ನ ಕೈಗೆ ಜೋಳದ ಹಿಟ್ಟು ಕೊಟ್ಟು ರೊಟ್ಟಿ ಬಡಿಯಲು ಕೂರಿಸಿದರು. ನನ್ನ ರೊಟ್ಟಿ ನೋಡಿ, ಇದನ್ನು ತಿನ್ನುವುದೋ, ಹರಿದ ಚಪ್ಪಲಿಗೆ ಹಚ್ಚುವುದೋ ಎಂದು ಅಕ್ಕಪಕ್ಕದ ಹೆಂಗಸರ ಮುಂದೆ ಕೇಳಿದರು. ನಾನೂ ನಕ್ಕೆ, ಒಳಗೊಳಗೇ ಸಿಟ್ಟೂ ಬಂತು. ಆದರೆ ಅಂದಿನಿಂದ ಅವರು ನನ್ನನ್ನು ‘ನೀ’ ಎಂದು ಕರೆಯತೊಡಗಿದರು. ನನಗೆ ಅದು ಬೇಕಾಗಿತ್ತು. ಆ ಊರಿನಲ್ಲಿ ನಾನು ಬಾಡಿಗೆಯವಳಾಗಿ ಉಳಿಯಲು ಒಲ್ಲೆ, ಮನೆಯವಳಾಗಬೇಕು ಎಂಬ ಹಟ ಹಿಡಿದುಬಿಟ್ಟಿತ್ತು.

ಮೊದಲ ತಿಂಗಳಲ್ಲೇ ಎಡವಟ್ಟಾಯಿತು. ಒಂದು ಬೆಳಿಗ್ಗೆ ಪಕ್ಕದ ಓಣಿಯ ಹೆಂಗಸು ಬಟ್ಟಲಿನಲ್ಲಿ ಸಕ್ಕರೆ ತಂದು ಹೊಸ್ತಿಲಲ್ಲಿ ನಿಂತಳು. “ಸಕ್ಕರಿ ತಂದೇನ್ರಿ ಬೂಬಮ್ಮಾ, ಕೂಸಿಗೆ ಮೂರ ದಿನದಿಂದ ಜ್ವರ ಬಂದಾವು” ಎಂದಳು. ಮುಸಲ್ಮಾನರ ಹೆಂಗಸರನ್ನು ಆ ಕಡೆ ಬೂಬಮ್ಮ ಎನ್ನುತ್ತಾರೆ. ಹೊಸದಾಗಿ ಬಂದವರಿಗೆ ಸಕ್ಕರೆ ಕೊಡುವುದು ಇಲ್ಲಿಯ ಪದ್ಧತಿ ಇರಬೇಕು, ಜ್ವರದ ಕೂಸನ್ನು ಬಿಟ್ಟು ಬಂದಿದ್ದಾಳಲ್ಲ ಪಾಪ, ಎಂದುಕೊಂಡೆ. ಸಕ್ಕರೆಯನ್ನು ನಮ್ಮ ಡಬ್ಬಿಗೆ ಸುರಿದೆ. ಬಟ್ಟಲನ್ನು ಖಾಲಿ ಕೊಡಬಾರದೆಂದು ಊರಿನಿಂದ ತಂದಿದ್ದ ನಾಲ್ಕು ಹಲಸಿನ ಹಪ್ಪಳ ಇಟ್ಟು ಕೊಟ್ಟೆ. ಆಕೆ ಹಪ್ಪಳ ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಹಪ್ಪಳ ನೋಡಿದಳು. ನಾನು ಜ್ವರಕ್ಕೆ ಶುಂಠಿ ಕಷಾಯ ಒಳ್ಳೆಯದು ಎಂದು ಬೇರೆ ಹೇಳಿದೆ.

ಆಯಿ ಬಂದು ಬಿಡಿಸಿ ಹೇಳಿದಾಗಲೇ ನನಗೆ ತಿಳಿದದ್ದು. ಮೈಗೆ ಹುಷಾರಿಲ್ಲದಾಗ, ಎಮ್ಮೆ ಹಾಲು ಕೊಡದಿದ್ದಾಗ, ಹುಡುಗಿಗೆ ಗಂಡು ಗೊತ್ತಾಗದಿದ್ದಾಗ ಮುಸಲ್ಮಾನರ ಮನೆಗೆ ಸಕ್ಕರೆ ಒಯ್ದು ಓದಿಸುವುದು ಅಲ್ಲಿನ ರೂಢಿ. ಮನೆಯವರು ಸಕ್ಕರೆಯ ಮೇಲೆ ಪ್ರಾರ್ಥನೆ ಹೇಳಿ, ಉಸಿರು ಊದಿ ಮರಳಿ ಕೊಡಬೇಕು. ಊರಿನ ಮುಲ್ಲಾ ಅಜ್ಜ ಕಣ್ಣು ಮಂಜಾಗಿ ರಾಮದುರ್ಗದ ಮಗಳ ಮನೆಗೆ ಹೋಗಿದ್ದರು. ಉಳಿದ ಎರಡು ಮೂರು ಮುಸಲ್ಮಾನರ ಮನೆಗಳವರು ಹೊಲದ ಕೆಲಸಕ್ಕೆ ಬೆಳಿಗ್ಗೆಯೇ ಹೊರಡುವವರು. ಹಗಲೆಲ್ಲ ಬಾಗಿಲು ತೆರೆದಿರುತ್ತಿದ್ದುದು ನಮ್ಮದೊಂದೇ.

ಗಂಡ ಒಪ್ಪಲಿಲ್ಲ. ಅವರ ಮನೆತನದಲ್ಲಿ ಇಂಥವನ್ನೆಲ್ಲ ಒಪ್ಪುತ್ತಿರಲಿಲ್ಲ. “ದೇವರನ್ನು ಕೇಳಿಕೊಳ್ಳುವುದು ಬೇರೆ, ಸಕ್ಕರೆಗೆ ಊದುವುದು ಬೇರೆ. ಇದು ನಮ್ಮಲ್ಲಿಲ್ಲ” ಎಂದರು. ನಮ್ಮಿಬ್ಬರ ಜಗಳ ನಮ್ಮ ಮನೆಮಾತಿನಲ್ಲೇ ನಡೆಯುತ್ತಿದ್ದುದರಿಂದ ಊರಿಗೆ ಅದು ತಿಳಿಯುತ್ತಿರಲಿಲ್ಲ, ಅಷ್ಟೇ ಪುಣ್ಯ. ನಾನು ಹೇಳಿದೆ: “ನಾವು ಬಂದದ್ದು ನಮ್ಮ ಕಡೆಯಿಂದ. ಇರುವುದು ಇವರ ಕಡೆ.” ಅವರು ತಂತಿ ಸುತ್ತಲು ಕೂತರು. ಬಂದವರಿಗೆಲ್ಲ “ನನಗೆ ಬರೋದಿಲ್ಲ” ಎಂದು ಹೇಳಿ ಕಳಿಸುತ್ತಿದ್ದರು. ಮುಸಲ್ಮಾನರಾಗಿ ಸಕ್ಕರೆ ಓದಲು ಬರುವುದಿಲ್ಲವೆಂದರೆ ಏನರ್ಥ ಎಂದು ಊರು ತಲೆ ಕೆರೆದುಕೊಂಡಿತು.

ಅದಕ್ಕೇ ನಾನು ಹಿತ್ತಲ ಬಾಗಿಲಿನಲ್ಲಿ ಶುರು ಮಾಡಿದೆ. ಹೆಂಗಸರು ಬಟ್ಟಲು ತರುತ್ತಿದ್ದರು. ನಾನು ಕೈಕಾಲು ತೊಳೆದು, ತಲೆಯ ಮೇಲೆ ಸೆರಗು ಹೊದ್ದು, ಚಿಕ್ಕಂದಿನಲ್ಲಿ ಕಲಿತದ್ದನ್ನು ಓದಿ, ಕೊನೆಗೆ ಈ ಕೂಸಿನ ಜ್ವರ ಬಿಡಲಿ, ಈ ಎಮ್ಮೆ ಹಾಲು ಕೊಡಲಿ ಎಂದು ಮನಸಾರೆ ಬೇಡಿಕೊಂಡು ಊದಿ ಕೊಡುತ್ತಿದ್ದೆ. ಜ್ವರ ಹೇಗೂ ಬಿಡುವುದೇ ಆಗಿದ್ದರೂ ಹೆಸರು ನನಗೆ ಬಂತು. ಬೂಬಮ್ಮನ ಓದಿಕೆ ಛಲೋ ಹತ್ತುತ್ತದೆ ಎಂದಾಯಿತು. ನಲ್ಲಿಯ ಹತ್ತಿರ ನನಗೆ ಜಾಗ ಬಿಡುತ್ತಿದ್ದರು, ರೊಟ್ಟಿಗೆಂದು ಶೇಂಗಾ ಹಿಂಡಿ ಕಳಿಸುತ್ತಿದ್ದರು, ಬಸುರಿ ಹೆಣ್ಣುಮಕ್ಕಳು ತವರಿಗೆ ಹೊರಡುವ ಮುಂಚೆ ಬಂದು ಹೇಳಿ ಹೋಗುತ್ತಿದ್ದರು. ಗಂಡನಿಗೆ ಗೊತ್ತಿಲ್ಲವೆಂದು ನಾನು ನಂಬಿದ್ದೆ. ಆ ಒಂದು ವರ್ಷ ನಾನು ಸುಖವಾಗಿದ್ದೆ.

ಅಷ್ಟರಲ್ಲಿ ಪಂಚಾಯ್ತಿ ಚುನಾವಣೆ ಬಂತು. ನಮ್ಮ ವಾರ್ಡು ಹೆಣ್ಣುಮಕ್ಕಳಿಗೆ ಮೀಸಲಾಯಿತು. ಒಂದು ಕಡೆ ಆಯಿಯೇ ನಿಂತರು, ಇನ್ನೊಂದು ಕಡೆ ಹಿಟ್ಟಿನ ಗಿರಣಿಯವರ ಸೊಸೆ. ಊರು ಎರಡಾಯಿತು. ಆಯಿಯ ಪೈಕಿಯವರು ಜೋಳ ಬೀಸಿಸಲು ತಲೆಯ ಮೇಲೆ ಚೀಲ ಹೊತ್ತು ಸುರೇಬಾನದ ಬಸ್ಸು ಹತ್ತತೊಡಗಿದರು. ನಾನು ಮಾತ್ರ ಊರಿನ ಗಿರಣಿಗೇ ಹೋಗುತ್ತಿದ್ದೆ. ಐದು ಕಿಲೋ ಹಿಟ್ಟಿಗಾಗಿ ಬಸ್ಸು ಹತ್ತುವಷ್ಟು ರಾಜಕೀಯ ನನಗಿರಲಿಲ್ಲ. ನಮ್ಮ ಎರಡು ವೋಟುಗಳನ್ನು ಆ ಊರಿನ ಪಟ್ಟಿಗೆ ಸೇರಿಸಿದ್ದು ಅದಾಗಲೇ ಆಗಿತ್ತು. ಅದಕ್ಕೆ ಅರ್ಜಿ ತುಂಬಿಸಲು ಎರಡೂ ಪೈಕಿಯವರು ಬಂದಿದ್ದರೆಂದರೆ ನಮ್ಮ ಮರ್ಯಾದೆ ಎಷ್ಟಿತ್ತೆಂದು ನೀವೇ ಲೆಕ್ಕ ಹಾಕಿ.

ಮತದಾನದ ಮುನ್ನಾದಿನ ಬೆಳಿಗ್ಗೆ ಆಯಿ ಹಿತ್ತಲಿಗೆ ಬಂದರು. ಸೆರಗಿನ ಒಳಗೆ ಸಕ್ಕರೆಯ ಬಟ್ಟಲು.

“ಸವದತ್ತಿ ಗುಡ್ಡಕ್ಕ ಹೋಗಿ ಬಂದೇನಿ. ನಮ್ಮ ಮಠಕ್ಕೂ ಹೋಗಿ ಬಂದೇನಿ. ನಿಂದೊಂದ ಉಳದಿತ್ತು ನೋಡು. ಬಾಯಿ ಬಿಟ್ಟ ಓದವಾ.”

ಓದಿದೆ. ಆಯಿ ಗೆಲ್ಲಲಿ ಎಂದು ಮನಸ್ಸಿನಿಂದಲೇ ಬೇಡಿದೆ. ಅವರು ಹೋಗಿ ಒಂದು ತಾಸು ಕಳೆದಿರಲಿಲ್ಲ, ಗಿರಣಿಯವರ ಸೊಸೆ ಅದೇ ಬಾಗಿಲಿಗೆ ಬಂದಳು. ಇನ್ನೂ ಇಪ್ಪತ್ತೈದು ತುಂಬದ ಹುಡುಗಿ, ಮಾವ ನಿಲ್ಲಿಸಿದ್ದಕ್ಕೆ ನಿಂತವಳು. ಬಟ್ಟಲನ್ನು ನನ್ನ ಮುಂದೆ ಇಟ್ಟಳು. “ಸೋತರ ಮನ್ಯಾಗ ನನ್ನ ಬಿಡಂಗಿಲ್ರಿ ಅಕ್ಕಾ” ಎಂದಳು. ಇಲ್ಲ ಎನ್ನಲು ನನ್ನ ನಾಲಿಗೆ ಏಳಲಿಲ್ಲ. ಅವಳ ಸಕ್ಕರೆಗೂ ಓದಿದೆ. ಗೆಲ್ಲಲಿ ಎಂದು ಬೇಡಲಿಲ್ಲ, ಅವಳಿಗೆ ಒಳ್ಳೆಯದಾಗಲಿ ಎಂದೆ. ಆದರೆ ಬಟ್ಟಲು ಬಟ್ಟಲೇ, ಅದರಲ್ಲಿ ಏನು ಬೇಡಿದ್ದೇನೆಂದು ಸಕ್ಕರೆಯ ಮೇಲೆ ಬರೆದಿರುವುದಿಲ್ಲವಲ್ಲ. ವೋಟನ್ನು ನಾನು ಆಯಿಗೇ ಹಾಕಿದೆ. ಗಂಡ ಯಾರಿಗೆ ಹಾಕಿದರೆಂದು ಇಂದಿಗೂ ಬಾಯಿ ಬಿಟ್ಟಿಲ್ಲ.

ಬೆರಳೆಣಿಕೆಯ ಮತಗಳಲ್ಲಿ ಆಯಿ ಸೋತರು.

ಸೋತ ಮೂರನೇ ದಿನ ಅವರು ಅಂಗಡಿಯ ಮುಂದೆಯೇ ಬಂದು ನಿಂತರು. ಗಂಡ ಒಳಗೆ ಮೋಟಾರು ಬಿಚ್ಚುತ್ತಿದ್ದರು.

“ಹೌದೇನ? ಆಕಿಗೂ ಓದಿ ಕೊಟ್ಟೀಯೇನ?”

“ಹೌದು ಆಯಿ.”

“ನನ್ನ ಮನ್ಯಾಗ ಇದ್ದಕೊಂಡು?”

ಆಯಿ ನನ್ನತ್ತ ನೋಡುವುದನ್ನೂ ಬಿಟ್ಟು, ಗೋಡೆಗೆ ಹೇಳುವಂತೆ ಹೇಳಿದರು: “ಮುಂದಿನ ತಿಂಗಳದಾಗ ಬ್ಯಾರೆ ಮನಿ ನೋಡ್ಕೋರಿ.”

ಗಂಡ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅವರಿಗೆ ಮೊದಲಿಂದಲೂ ಗೊತ್ತಿತ್ತೋ, ಅಂದೇ ಗೊತ್ತಾಯಿತೋ ಅದನ್ನೂ ಹೇಳಲಿಲ್ಲ. ಮರುದಿನ ಯರಗಟ್ಟಿಗೆ ಹೋಗಿ ಒಂದು ಅಂಗಡಿ ನೋಡಿಕೊಂಡು ಬಂದರು. ಹಿತ್ತಲ ಬಾಗಿಲಿಗೆ ಬರುವ ಹೆಂಗಸರು ನಿಂತುಹೋದರು. ಎರಡೂ ಕಡೆಯವಳಾಗಲು ಹೋಗಿ ನಾನು ಯಾವ ಕಡೆಯವಳೂ ಅಲ್ಲದಂತಾದೆ. ರೊಟ್ಟಿ ಬಡಿಯುತ್ತ ಒಬ್ಬಳೇ ಅತ್ತದ್ದುಂಟು. ಅಷ್ಟರಲ್ಲಿ ನನ್ನ ರೊಟ್ಟಿ ಒಳ್ಳೆಯ ಹದಕ್ಕೆ ಬಂದಿತ್ತು, ನೋಡಿ ಹೇಳುವವರು ಇರಲಿಲ್ಲ.

ಗಂಟುಮೂಟೆ ಕಟ್ಟುವ ಹೊತ್ತಿಗೆ ಆಯಿಯ ಗಂಡನಿಗೆ ಲಕ್ವಾ ಹೊಡೆಯಿತು. ರಾಮದುರ್ಗ, ಆಮೇಲೆ ಬೆಳಗಾವಿ ಎಂದು ಆಸ್ಪತ್ರೆ ತಿರುಗಿ, ಒಂದು ಬದಿ ಎತ್ತಲಾಗದ ಮುದುಕರನ್ನು ಮನೆಗೆ ತಂದು ಮಲಗಿಸಿದರು. ಮಾತು ನಿಂತಿತ್ತು. ಎರಡು ದಿನ ಬಿಟ್ಟು ಆಯಿ ಬಟ್ಟಲು ಹಿಡಿದು ಬಂದರು. ನಾನು ಎದ್ದು ನಿಂತೆ. ಅವರು ನನ್ನನ್ನು ದಾಟಿ ಗಂಡನ ಮುಂದೆ ಹೋದರು.

“ಮಿಸ್ತ್ರಿ, ನೀವ ಓದ್ರಿ.”

“ಆಯಿ, ನನಗೆ ಅದು ಬರೋದಿಲ್ಲ.”

“ಅದಕ್ಕ ಬಂದೇನಿ. ಆಕಿ ಊರಿಗೆಲ್ಲಾ ಓದಿ ಓದಿ ಖರ್ಚ ಮಾಡ್ಯಾಳ. ನೀವು ಒಬ್ಬರಿಗೂ ಓದಿಲ್ಲ. ನಿಮ್ಮದು ಹಂಗ ಐತಿ.”

ನನಗೆ ನಗು ಬಂತು, ಅಳುವೂ ಬಂತು. ಗಂಡ ಎದ್ದು, ಗ್ರೀಸು ಹತ್ತಿದ ಕೈಗಳನ್ನು ಸಾಬೂನಿನಲ್ಲಿ ಎರಡು ಸಲ ತೊಳೆದು, ಆಯಿಯ ಹಿಂದೆ ದೊಡ್ಡ ಮನೆಗೆ ನಡೆದರು. ಕರೆಯದಿದ್ದರೂ ನಾನೂ ಹೋದೆ. ಅವರು ಮುದುಕರ ಮಂಚದ ಕಾಲ ಬಳಿ ಕೂತು ಎರಡೂ ಕೈ ಎತ್ತಿದರು. ಆಯಿ ಸಕ್ಕರೆಯ ಬಟ್ಟಲನ್ನು ಕಿಟಕಿಯಲ್ಲಿ ಇಟ್ಟಿದ್ದರು, ಗಂಡ ಅದನ್ನು ಮುಟ್ಟಲಿಲ್ಲ. ಆಯಿಗೆ ತಿಳಿಯಲೆಂದು ಕನ್ನಡದಲ್ಲಿಯೇ, ದನಿಯೆತ್ತಿ ಕೇಳಿಕೊಂಡರು: “ದೇವರೇ, ಈ ಮನುಷ್ಯ ನಮಗೆ ಜಾಗ ಕೊಟ್ಟವರು. ಇವರ ನೋವು ಕಡಿಮೆ ಮಾಡು. ನಮ್ಮಿಂದ ಈ ಮನೆಗೆ ಏನಾದರೂ ನೋವಾಗಿದ್ದರೆ ಅದನ್ನು ನಮ್ಮ ಮೇಲೆ ಹಾಕು.” ಆಯಿ ಒಂದು ಚಿಟಿಕೆ ಸಕ್ಕರೆ ತೆಗೆದು ತಾವೇ ಗಂಡನ ನಾಲಿಗೆಗೆ ಹಚ್ಚಿದರು.

ನಿಜ ಹೇಳಬೇಕೆಂದರೆ ನನಗೆ ಹೊಟ್ಟೆಕಿಚ್ಚಾಯಿತು. ವರ್ಷವಿಡೀ ಕದ್ದುಮುಚ್ಚಿ ನಾನು ಕಟ್ಟಿದ್ದನ್ನು ಈ ಮನುಷ್ಯ ತನ್ನದೊಂದನ್ನೂ ಬಿಟ್ಟುಕೊಡದೆ ಒಂದೇ ಬೆಳಿಗ್ಗೆಯಲ್ಲಿ ಕಟ್ಟಿಬಿಟ್ಟರು. ಹೀಗೂ ಆಗುತ್ತದೆ ಎಂದು ನನಗೆ ಹೊಳೆದೇ ಇರಲಿಲ್ಲ. ಯರಗಟ್ಟಿಯ ಅಂಗಡಿಯ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ. ಗಂಡ ದಿನಾ ಸಂಜೆ ಹೋಗಿ ಮುದುಕರನ್ನು ಕೂರಿಸಿ ಬರುತ್ತಿದ್ದರು. ಮುದುಕರು ತೊದಲುತ್ತ ಮೋಟಾರಿನ ಸುದ್ದಿ ಕೇಳುವಷ್ಟಾದರು. ಆಯಿ ನನ್ನ ಜೊತೆ ಮಾತ್ರ ಬೇಕಾದಷ್ಟೇ ಆಡುತ್ತಿದ್ದರು, ಬಾಗಿಲು ತೆಗಿ, ನೀರು ಬಂದಿದೆ, ಅಷ್ಟೇ.

ಜೋಳದ ಸುಗ್ಗಿ ಮುಗಿದ ಮೇಲೆ ಮುದುಕರು ಹೋದರು. ಅವರ ಹೊಲದಲ್ಲೇ ಕುಣಿ ತೋಡಿದರು. ವಿಭೂತಿ, ಬಿಲ್ವಪತ್ರೆ ಹಾಕಿ ಅವರನ್ನು ಕುಳ್ಳಿರಿಸಿದ್ದರು. ಚುನಾವಣೆಯಲ್ಲಿ ಬೇರೆಯಾಗಿದ್ದವರೆಲ್ಲ ಬಂದಿದ್ದರು, ಗಿರಣಿಯವರೂ ಬಂದಿದ್ದರು. ನಮ್ಮಲ್ಲಿ ಹೆಂಗಸರು ಮಣ್ಣಿಗೆ ಹೋಗುವುದಿಲ್ಲ. ಆಯಿಯನ್ನು ಬಿಟ್ಟಿರಲಾರದೆ ನಾನು ಹೋಗಿದ್ದೆ, ದೂರದ ಬದುವಿನ ಮೇಲೆ ನಿಂತಿದ್ದೆ. ಗಂಡ ಗಂಡಸರ ಗುಂಪಿನಲ್ಲಿದ್ದರು. ಮಣ್ಣು ಹಾಕುವ ಹೊತ್ತಾಯಿತು. ಪರಊರಿನಿಂದ ಬಂದಿದ್ದ ಆಯಿಯ ಮಗ ಹಿಡಿ ತುಂಬಿಕೊಂಡು ಬಾಗಿದ. ಆಯಿ ಅವನ ರಟ್ಟೆ ಹಿಡಿದು ನಿಲ್ಲಿಸಿ ಸುತ್ತ ನೋಡಿದರು. ಬದುವಿನ ಮೇಲೆ ಅವರಿಗೆ ನಾನು ಕಂಡೆ.

“ಅಲ್ಲ್ಯಾಕ ನಿಂತೀ? ಮನಿಯವರ ಮಣ್ಣ ಮೊದ್ಲ ಬೀಳಬೇಕು. ಬಾ ಇಲ್ಲೆ.”

ನಾನು ಗಂಡನ ಮುಖ ನೋಡಿದೆ. ಅವರು ಒಂದು ಹೆಜ್ಜೆ ಪಕ್ಕಕ್ಕೆ ಸರಿದು, ಕುಣಿಯ ಹತ್ತಿರ ನನಗೆ ದಾರಿ ಬಿಟ್ಟರು. ನನ್ನ ಸ್ವಂತ ಅಪ್ಪ ಹೋದಾಗ ನಾನು ಮನೆಯ ಒಳಗೆ ಕೂತಿದ್ದವಳು. ಅಂದು ಆಯಿಯ ಪಕ್ಕದಲ್ಲಿ ಬಾಗಿ ಮೂರು ಹಿಡಿ ಕರಿ ಮಣ್ಣು ಹಾಕಿದೆ.